ಹಿಂಬದಿ ರಸ್ತೆಗೆ ಅಸ್ತರು ಹಾಕಿದ್ದು

ಹಿಂಬದಿ ರಸ್ತೆಯು ಹನ್ನೊಂದು ವರ್ಷಗಳಲ್ಲಿ ಆರುನೂರ ಹನ್ನೆರಡು ಲಾರಿ ಜಲ್ಲಿಯನ್ನು ನುಂಗಿರುತ್ತದೆ. ಇದು ರಸ್ತೆ ಕಚೇರಿಯ ಕಡತದಲ್ಲಿರುವ ಮಾತು, ಯಾರೂ ಕಟ್ಟಿ ಹೇಳಿದ್ದಲ್ಲ. ರಸ್ತೆಯ ಉದ್ದ ಇನ್ನೂರ ನಲವತ್ತು ಮೀಟರ್, ಅಗಲ ನಾಲ್ಕು. ಪ್ರತಿ ಬೇಸಗೆಯಲ್ಲಿ ಜಲ್ಲಿ ಹರಡುವರು, ರೋಲರ್ ಓಡಿಸುವರು, ಫೋಟೋ ತೆಗೆಸಿಕೊಳ್ಳುವರು. ಮಳೆ ಹಿಡಿದ ಮೂರನೇ ವಾರಕ್ಕೆ ಜಲ್ಲಿ ಕಾಣೆ.

ಜಲ್ಲಿ ಹೋಗುವುದೆಲ್ಲಿಗೆ ಎಂದು ತಿಳಿಯಲು ಒಮ್ಮೆ ಸಮಿತಿಯನ್ನೂ ನೇಮಿಸಿದ್ದರು. ಸಮಿತಿ ಒಂಬತ್ತು ತಿಂಗಳು ಕೂತು ‘ಕೆಳಕ್ಕೆ’ ಎಂದು ವರದಿ ಕೊಟ್ಟಿತು. ವರದಿಯನ್ನು ಅಂಗೀಕರಿಸಲಾಯಿತು. ಮರುವಾರ ಇನ್ನೂ ಐವತ್ತಾರು ಲಾರಿ ಜಲ್ಲಿಗೆ ಆದೇಶ ಹೊರಟಿತು.

ಹನ್ನೊಂದು ವರ್ಷವೂ ಈ ರಸ್ತೆಯನ್ನು ಅಳೆದವನು ಒಬ್ಬನೇ. ಕಚೇರಿಯಲ್ಲಿ ಅವನಿಗೆ ಅಳತೆಗಾರ ಎಂದೇ ಹೆಸರು. ಕೈಯಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಉದ್ದ, ಅಗಲ, ದಪ್ಪ ಬರೆದುಕೊಡುವುದು ಅವನ ಕೆಲಸ. ಜಲ್ಲಿ ಇದೆಯೋ ಇಲ್ಲವೋ ಎಂದು ಬರೆಯುವ ಕಾಲಂ ನಮೂನೆಯಲ್ಲಿ ಇರಲಿಲ್ಲ. ಇಲ್ಲದ ಕಾಲಂನಲ್ಲಿ ಬರೆಯುವ ಮನುಷ್ಯ ಅವನಲ್ಲ.

ರಸ್ತೆಯ ಕಟ್ಟಕಡೆಗೆ, ರಸ್ತೆಗೇ ಎದುರಾಗಿ ನಿಂತ ಮನೆ ಅವನ ಅಕ್ಕನದು. ರಸ್ತೆ ಬಂದು ಅವಳ ಹೊಸ್ತಿಲಿಗೆ ಮುಗಿಯುತ್ತಿತ್ತು. ಅಕ್ಕ ದರ್ಜಿ. ಕೋಟು, ಪ್ಯಾಂಟು, ಶಾಲೆಯ ಸಮವಸ್ತ್ರ, ಯಾವುದು ಬಂದರೂ ಸೈ. ಬಲಗಾಲು ಸ್ವಾಧೀನ ತಪ್ಪಿ ಆರು ವರ್ಷವಾಗಿತ್ತು. ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಗಾಡಿಯೊಂದಿತ್ತು. ನೆಲ ಒಣಗಿರುವ ತಿಂಗಳುಗಳಲ್ಲಿ ಅವಳೇ ಅದನ್ನು ಓಡಿಸಿಕೊಂಡು ದೊಡ್ಡ ಬೀದಿಗೆ ಹೋಗಿ, ನೂಲು ಗುಂಡಿ ಆರಿಸಿ, ಅಂಗಡಿಯವನ ಜತೆ ಜಗಳವಾಡಿ, ಹುರುಪಾಗಿ ಬರುತ್ತಿದ್ದಳು. ಮಳೆಗಾಲದ ನಾಲ್ಕು ತಿಂಗಳು ಗಾಡಿ ಮೂಲೆಗೆ. ಹೊಸ್ತಿಲಿನಾಚೆ ಮೊಣಕಾಲುದ್ದ ಕೆಸರು. ಗಿರಾಕಿಗಳು ಹಲಗೆಯ ಮೇಲೆ ತೂರಾಡುತ್ತ ಬಂದು ಬಟ್ಟೆ ಎಸೆದು ಹೋಗುತ್ತಿದ್ದರು.

“ಕೈದಿಗಾದ್ರೂ ತಪ್ಪು ಮಾಡ್ದೆ ಅನ್ನೋ ಸಮಾಧಾನ ಇರುತ್ತೆ,” ಎಂದಳು ಅಕ್ಕ, ಒಂದು ದಿನ. “ನಾನೇನು ಮಾಡ್ದೆ? ನಿನ್ನ ಹೊತ್ಕೊಂಡು ಬೆಳೆಸ್ದೆ. ನೀನು ಅಳೆಯೋ ರಸ್ತೆ ಕಣೋ ಇದು.”

“ಅಳೆಯೋದಷ್ಟೇ ನಾನು,” ಎಂದ ಅಳತೆಗಾರ.

“ಬೆಂಕಿ ಹಾಕು ನಿನ್ನ ಅಳತೆಗೆ. ನೋಡು, ಈ ಮಳೆಗಾಲದಲ್ಲೂ ಒಳಗೇ ಕೊಳೀಬೇಕು ಅಂದ್ರೆ, ಮೆಷಿನ್ ಮಾರಿ ತಂಗಿ ಮನೆಗೆ ಹೋಗ್ತೀನಿ. ಅವಳ ಮೊಮ್ಮಕ್ಕಳ ಮೂಗು ಒರೆಸ್ಕೊಂಡು ಕೂರ್ತೀನಿ.”

ಅಕ್ಕ ಮತ್ತು ತಂಗಿ ಒಂದೇ ಅಡುಗೆಮನೆಯಲ್ಲಿ ಒಂದು ವಾರ ಬಾಳಿದ್ದನ್ನು ಅಳತೆಗಾರ ಕಂಡಿರಲಿಲ್ಲ. ಮೆಷಿನ್ ಇಲ್ಲದ ಅಕ್ಕನನ್ನಂತೂ ಕಲ್ಪಿಸಿಕೊಳ್ಳಲೂ ಆಗಲಿಲ್ಲ. ಟೇಪು ಸುತ್ತುತ್ತ ಹೇಳಿದ:

“ಕೆಳಗೆ ಜೇಡಿ, ಮೇಲೆ ಜಲ್ಲಿ. ನಡುವೆ ಏನೂ ಇಲ್ಲ. ಲಾರಿ ತುಳಿದಾಗ ಜಲ್ಲಿ ಕೆಳಗಿಳಿಯುತ್ತೆ, ಕೆಸರು ಸಂದಿಯಲ್ಲಿ ಮೇಲೇರುತ್ತೆ. ಈ ಸಲ ನಡುವೆ ಒಂದು ಬಟ್ಟೆ ಹಾಕ್ತಾರಂತೆ. ನೀರು ಬಿಡುತ್ತೆ, ಮಣ್ಣು ಬಿಡಲ್ಲ.”

ಅಕ್ಕ ಕತ್ತರಿ ಕೆಳಗಿಟ್ಟಳು.

“ಅಸ್ತರು ಅನ್ನು. ಹನ್ನೊಂದು ವರ್ಷ ಅಸ್ತರು ಇಲ್ದೆ ಕೋಟು ಹೊಲಿದು, ತೋಳು ಜೋತು ಬಿತ್ತು ಅಂತ ಸಮಿತಿ ಮಾಡಿದ್ರಾ? ಹಾಕ್ಸು ಬೇಗ.”

ಬಟ್ಟೆ ಬಂತು. ತಯಾರಕರು ಅದಕ್ಕೆ ಜಿಯೋಟೆಕ್ಸ್‌ಟೈಲ್ ಎಂದು ಹೆಸರಿಟ್ಟಿದ್ದರು. ಕಚೇರಿ ಅದನ್ನು ‘ಮಣ್ಣು-ಜಲ್ಲಿ ಪ್ರತ್ಯೇಕಕ ಹಾಸು’ ಎಂದು ದಾಖಲಿಸಿತು. ಒಟ್ಟು ಮೂರು ಸುರುಳಿ. ಒಂದೊಂದೂ ನಾಲ್ಕು ಮೀಟರ್ ಅಗಲ, ನೂರು ಮೀಟರ್ ಉದ್ದ. ಬೂದು ಬಣ್ಣ, ಕಂಬಳಿಯ ಹಾಗೆ ದಪ್ಪ. ರಸ್ತೆಯ ಅಗಲಕ್ಕೆ ಸರಿಯಾಗಿ ಹೇಳಿ ಮಾಡಿಸಿದಂತಿತ್ತು. ರಸ್ತೆಯ ತುದಿಯಲ್ಲಿಟ್ಟು ಕಾಲಲ್ಲಿ ತಳ್ಳಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತಿತ್ತು.

ಆದರೆ ಉಗ್ರಾಣದ ನಿಯಮ ಹದಿನೇಳರ ಪ್ರಕಾರ, ನಾಲ್ಕು ಮೀಟರಿಗಿಂತ ಉದ್ದವಾದ ಯಾವುದೇ ವಸ್ತುವನ್ನು ಉದ್ದವಸ್ತು ಪರವಾನಗಿ ಇಲ್ಲದೆ ಹೊರಗೆ ಬಿಡುವಂತಿಲ್ಲ. ಏಣಿ ಮತ್ತು ದೀಪದ ಕಂಬಗಳನ್ನು ಕಂಡು ಮಾಡಿದ ನಿಯಮ ಅದು.

“ಸುತ್ತಿಟ್ಟಿದೆಯಲ್ಲ,” ಎಂದ ಅಳತೆಗಾರ. “ಸುರುಳಿ ಇರೋದು ನಾಲ್ಕು ಮೀಟರೇ.”

“ಸುತ್ತಿದ್ದಕ್ಕೆ ಉದ್ದ ಹೋಗುತ್ತೇನ್ರೀ?” ಎಂದ ಉಗ್ರಾಣಿ. “ರಸೀದಿಯಲ್ಲಿ ನೂರು ಅಂತಿದೆ. ನೂರು ಮೀಟರ್ ಸಾಮಾನು ಈ ಬಾಗಿಲಲ್ಲಿ ಹೋದ್ರೆ ನನ್ನ ಕೆಲಸವೂ ಅದರ ಹಿಂದೇನೇ ಹೋಗುತ್ತೆ.”

“ಪರವಾನಗಿ ಕೊಡಿಸಿ ಹಾಗಾದ್ರೆ.”

“ಅದನ್ನ ಕೊಡೋರು ನಿವೃತ್ತಿ ಆಗಿ ನಾಲ್ಕು ವರ್ಷ ಆಯ್ತು. ಆ ಕುರ್ಚಿ ಖಾಲಿ ಇದೆ. ನೀವೇನೂ ಚಿಂತೆ ಮಾಡ್ಬೇಡಿ, ನಾನೊಂದು ದಾರಿ ಮಾಡ್ತೀನಿ.”

ಉಗ್ರಾಣಿ ಒಳ್ಳೆಯ ಮನುಷ್ಯ. ಇಬ್ಬರು ಆಳು ಹಿಡಿದು, ಎರಡು ದಿನ ಬೆವರು ಸುರಿಸಿ, ಮೂರು ಸುರುಳಿಯನ್ನೂ ನಾಲ್ಕು ನಾಲ್ಕು ಮೀಟರಿಗೆ ಕತ್ತರಿಸಿದ. ಎಪ್ಪತ್ತೈದು ಚೌಕಗಳಾದವು. ಒಂದೊಂದರ ಮೇಲೂ ಮುದ್ರೆ ಒತ್ತಿ, ನಿಯಮಬದ್ಧವಾಗಿ ಹೊರಗೆ ಬಿಟ್ಟ. ಪುಸ್ತಕದಲ್ಲಿ ‘ಕತ್ತರಿಸಲಾಗಿದೆ’ ಎಂದು ಬರೆಯಲಿಲ್ಲ. ‘ಸಾಗಣೆಗೆ ಯೋಗ್ಯಗೊಳಿಸಲಾಗಿದೆ’ ಎಂದು ಬರೆದ.

ಈಗ ತುಂಡುಗಳನ್ನು ಸಾಲಾಗಿ ಹಾಸಬೇಕಾಯಿತು. ಒಂದು ತುಂಡಿನ ಅಂಚು ಪಕ್ಕದ ತುಂಡಿನ ಮೇಲೆ ಒಂದಿಷ್ಟು ಏರಿ ಕೂರಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಕೆಸರು ನುಗ್ಗುತ್ತದೆ. ಈ ಏರಿಕೆಗೆ ಕಚೇರಿ ‘ಮೇಲ್ಹೊದಿಕೆ’ ಎಂದಿತು. ತಯಾರಕರ ಪುಸ್ತಿಕೆಯಲ್ಲಿ ಹೀಗಿತ್ತು: ಗಟ್ಟಿ ನೆಲಕ್ಕೆ ಮೂವತ್ತು ಸೆಂಟಿಮೀಟರ್, ತೀರಾ ಮೆತ್ತನೆಯ ನೆಲಕ್ಕೆ ಒಂದು ಮೀಟರ್.

ಕಿರಿಯ ಎಂಜಿನಿಯರರಿಗೆ ಐವತ್ತಮೂರು ವರ್ಷ. ಇಪ್ಪತ್ತಾರು ವರ್ಷದಿಂದ ಅವರು ಕಿರಿಯರು. ರಸ್ತೆಗೆ ಬಂದು, ಕೊಡೆಯ ತುದಿಯಿಂದ ನೆಲ ಚುಚ್ಚಿ ನೋಡಿದರು. ಕೊಡೆ ಹಿಡಿಯವರೆಗೂ ಇಳಿಯಿತು. ಕಡತದಲ್ಲಿ ‘ಮೇಲ್ಹೊದಿಕೆ: ಒಂದು ಮೀಟರ್’ ಎಂದು ಬರೆದು ಮೇಲಕ್ಕೆ ಕಳಿಸಿದರು.

ಅಳತೆಗಾರ ಅಂದು ಸಂಜೆ ಅಕ್ಕನ ಮನೆಯಲ್ಲಿ ಕೂತು ಪೆನ್ಸಿಲ್ಲಿನಿಂದ ಲೆಕ್ಕ ಹಾಕಿದ. ಒಂದು ಮೀಟರ್ ಹೊದಿಸಿದರೆ ಎಪ್ಪತ್ತೈದು ತುಂಡು ಇನ್ನೂರ ಇಪ್ಪತ್ತಾರು ಮೀಟರಿಗೆ ಬರುತ್ತದೆ. ಹದಿನಾಲ್ಕು ಮೀಟರ್ ಕೊರತೆ. ರಸ್ತೆಯನ್ನು ದೊಡ್ಡ ಬೀದಿಯ ಕಡೆಯಿಂದ ಹಾಸುತ್ತ ಬರುವುದು ವಾಡಿಕೆ. ಅಂದರೆ ಕೊರತೆ ಬೀಳುವುದು ಅಕ್ಕನ ಬಾಗಿಲಲ್ಲೇ.

“ಹದಿನಾಲ್ಕು ಮೀಟರ್ ತಾನೇ,” ಎಂದಳು ಅಕ್ಕ. “ಅಷ್ಟಕ್ಕೆ ಹಲಗೆ ಹಾಕ್ಕೋತೀನಿ ಬಿಡು. ಮುಖ ಯಾಕೆ ಇಳಿಬಿಟ್ಟಿದ್ದೀಯ?”

“ಕಡತ ಇನ್ನೂ ಮೇಲಕ್ಕೆ ಹೋಗ್ಬೇಕು,” ಎಂದ ಅವನು.

ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಯಾವ ಕಡತವೂ ಒಂದು ಮೇಜಿಗೆ ಬಂದಂತೆಯೇ ಮುಂದಿನ ಮೇಜಿಗೆ ಹೋಗಬಾರದು. ಹೋದರೆ ಅಧಿಕಾರಿಯು ಅದನ್ನು ಓದಿಲ್ಲವೆಂದೇ ಅರ್ಥ. ಆದ್ದರಿಂದ ಪ್ರತಿಯೊಬ್ಬರೂ ಭದ್ರತೆಯ ದೃಷ್ಟಿಯಿಂದ ಏನಾದರೊಂದು ಸೇರಿಸುವರು. ತೆಗೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಹಿರಿಯ ಎಂಜಿನಿಯರರು ಒಂದು ಮೀಟರನ್ನು ಒಂದೂವರೆ ಮಾಡಿ, ‘ಸೂಕ್ತ’ ಎಂದು ಬರೆದರು. ಅವರ ಮೇಲಿನವರು ಎರಡು ಮಾಡಿ ‘ಅತಿ ಸೂಕ್ತ’ ಎಂದರು. ಎರಡಾದಾಗ ಬಟ್ಟೆ ನೂರ ಐವತ್ತೆರಡು ಮೀಟರಿಗೆ ನಿಂತಿತು.

ಅಳತೆಗಾರ ಇದನ್ನೂ ಅಕ್ಕನಿಗೆ ಹೇಳಿದ. ಅಕ್ಕ ಅವನು ತಂದಿದ್ದ ಮಾದರಿ ತುಂಡನ್ನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಎಳೆದು ನೋಡಿದಳು.

“ಹೊಲಿದ್ರೆ ಆಯ್ತಲ್ಲೋ.”

“ಏನು?”

“ಎರಡು ಅಂಚು ಸೇರ್ಸಿ, ದಪ್ಪ ನೂಲಲ್ಲಿ ಎರಡು ಸಾಲು ಹೊಲಿಗೆ. ಒಂದು ಗೇಣು ಕೂಡ ಬೇಡ, ನಾಲ್ಕು ಬೆರಳು ಸಾಕು. ಎಪ್ಪತ್ತೈದು ತುಂಡು ಅಂದ್ರೆ ಎಪ್ಪತ್ನಾಲ್ಕು ಹೊಲಿಗೆ. ವಾರದ ಕೆಲಸ. ನಾನೇ ಹೊಲಿದು ಕೊಡ್ತೀನಿ, ಪುಕ್ಕಟೆ. ನನ್ನ ದಾರಿ ತಾನೇ.”

ಅಳತೆಗಾರ ಪುಸ್ತಿಕೆ ತೆರೆದು ನೋಡಿದ. ಹನ್ನೆರಡನೇ ಪುಟದಲ್ಲಿ, ಮೆತ್ತನೆಯ ನೆಲದಲ್ಲಿ ಮೇಲ್ಹೊದಿಕೆಯ ಬದಲು ಹೊಲಿಗೆ ಹಾಕಬಹುದು ಎಂದೇ ಅಚ್ಚಾಗಿತ್ತು. ಅಕ್ಕನಿಗೆ ತೋರಿಸಿದ.

“ನೋಡಿ ಏನಾಗ್ಬೇಕು,” ಎಂದಳು. “ಬಟ್ಟೆ ಅಂದ್ಮೇಲೆ ಬಟ್ಟೆ.”

ಅಳತೆಗಾರ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಟಿಪ್ಪಣಿ ಬರೆದ. ಮೂರೇ ಸಾಲು. ಉತ್ತರ ಹನ್ನೊಂದು ದಿನಕ್ಕೆ ಬಂತು:

‘ಹೊಲಿಗೆಯ ಸಲಹೆಯನ್ನು ಪರಿಶೀಲಿಸಲಾಯಿತು. ಒಂದು, ಹಾಸನ್ನು ಕತ್ತರಿಸಿರುವ ಬಗ್ಗೆ ಯಾವುದೇ ದಾಖಲೆ ಇಲ್ಲದಿರುವುದರಿಂದ ಅದನ್ನು ಜೋಡಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಎರಡು, ಈ ಕಚೇರಿಯಲ್ಲಿ ದರ್ಜಿಯ ಹುದ್ದೆ ಇರುವುದಿಲ್ಲ. ಮೂರು, ಪುಕ್ಕಟೆಯಾಗಿ ಮಾಡಿಸಿದ ಕೆಲಸದ ಗುಣಮಟ್ಟವನ್ನು ಪರೀಕ್ಷಿಸಲು ನಿಯಮವಿಲ್ಲ. ನಾಲ್ಕು, ಹೊಲಿಗೆ ಹಾಕುವುದೆಂದರೆ ಇಲಾಖೆಯ ನೆಲ ಹರಿದಿದೆ ಎಂದು ಒಪ್ಪಿಕೊಂಡಂತಾಗುತ್ತದೆ.’

ಅಕ್ಕ ಓದಿಸಿ ಕೇಳಿದಳು. ನಾಲ್ಕನೆಯದನ್ನು ಇನ್ನೊಮ್ಮೆ ಓದಿಸಿದಳು.

“ಬರೆದೋನಿಗೆ ಪ್ಯಾಂಟು ಹೊಲಿಸೋಕೆ ನನ್ನ ಹತ್ರ ಬರ್ಬೇಡ ಅನ್ನು,” ಎಂದಷ್ಟೇ ಹೇಳಿದಳು.

ಆಮೇಲೆ ಸಭೆ ಸೇರಿತು. ಅಧ್ಯಕ್ಷತೆ ಮುಖ್ಯ ಎಂಜಿನಿಯರರದು. ವಿಶೇಷ ಆಹ್ವಾನಿತರಾಗಿ ಜಲ್ಲಿ ಗುತ್ತಿಗೆದಾರರು ಬಂದಿದ್ದರು. ಈ ರಸ್ತೆಯ ಬಗ್ಗೆ ಅವರಷ್ಟು ಕಳಕಳಿ ಇನ್ನಾರಿಗೂ ಇರಲಿಲ್ಲ. ಆರುನೂರ ಹನ್ನೆರಡು ಲಾರಿಯೂ ಅವರದೇ. ನಡುವೆ ಬಟ್ಟೆ ಹಾಕುತ್ತಾರೆ, ಇನ್ನು ಜಲ್ಲಿ ಮುಳುಗುವುದಿಲ್ಲ ಎಂದು ಕೇಳಿದ ದಿನದಿಂದ ಅವರಿಗೆ ಊಟ ಸೇರುತ್ತಿರಲಿಲ್ಲವಂತೆ. ಕಡತದಲ್ಲಿ ಮೇಲ್ಹೊದಿಕೆ ಏರುತ್ತಿದೆ ಎಂದು ಕೇಳಿದ ಮೇಲೆ ಸ್ವಲ್ಪ ಸ್ವಲ್ಪ ಸೇರತೊಡಗಿತ್ತು.

ಅವರು ಎದ್ದು ನಿಂತು ಕೈಮುಗಿದರು.

“ಸಾರ್, ನಾನು ಓದಿದೋನಲ್ಲ. ಆದ್ರೆ ಒಂದು ಮಾತು. ಜನರ ಜೀವದ ವಿಷಯ. ಎರಡು ಮೀಟರ್ ಅಂತೀರಿ. ನಾಳೆ ಏನಾದ್ರೂ ಆದ್ರೆ ಯಾರು ಹೊಣೆ? ಭದ್ರತೆಯಲ್ಲಿ ಜಿಪುಣತನ ಬೇಡ ಸಾರ್. ಮೂರು ಮಾಡಿ.”

ಸಭೆಯಲ್ಲಿ ಒಬ್ಬಿಬ್ಬರ ಕಣ್ಣು ಒದ್ದೆಯಾಯಿತು. ಮೂರು ಎಂದು ಬರೆದುಕೊಂಡರು.

ಮುಖ್ಯ ಎಂಜಿನಿಯರರು ಅದುವರೆಗೂ ಕಣ್ಣುಮುಚ್ಚಿ ಕೇಳುತ್ತಿದ್ದರು. ಈಗ ತೆರೆದರು.

“ತುಂಡಿನ ಅಗಲ ಎಷ್ಟು?”

“ನಾಲ್ಕು ಮೀಟರ್, ಸಾರ್,” ಎಂದರು ಕಿರಿಯ ಎಂಜಿನಿಯರರು.

“ಮೇಲ್ಹೊದಿಕೆ?”

“ಮೂರು, ಸಾರ್.”

“ಮಿಕ್ಕ ಒಂದು ಮೀಟರ್ ಏನು ಪಾಪ ಮಾಡಿದೆ?”

ಎಲ್ಲರೂ ಕಡತದ ಪುಟ ತಿರುವಿದರು.

“ಇದಕ್ಕೇ ನಮ್ಮ ಕೆಲಸಗಳು ಬಾಳಿಕೆ ಬರೋದಿಲ್ಲ,” ಎಂದರು ಮುಖ್ಯ ಎಂಜಿನಿಯರರು ನೊಂದ ದನಿಯಲ್ಲಿ. “ಎಲ್ಲದರಲ್ಲೂ ಅರ್ಧಂಬರ್ಧ. ಪೂರ್ತಿ ಹೊದಿಸಿ.”

‘ಮೇಲ್ಹೊದಿಕೆ: ನಾಲ್ಕು ಮೀಟರ್, ಪೂರ್ಣ’ ಎಂದು ನಿರ್ಣಯವಾಯಿತು. ಗುತ್ತಿಗೆದಾರರು ಎಲ್ಲರಿಗೂ ಟೀ ಹೇಳಿದರು.

ಅಳತೆಗಾರ ತನ್ನ ಎರಡನೇ ಟಿಪ್ಪಣಿ ಬರೆದ: ‘ಮೇಲ್ಹೊದಿಕೆ ಪೂರ್ಣವಾದರೆ ಎಪ್ಪತ್ತೈದು ತುಂಡೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಉಳಿದ ಇನ್ನೂರ ಮೂವತ್ತಾರು ಮೀಟರಿಗೆ ಏನೂ ಇರುವುದಿಲ್ಲ.’

ಈ ಸಲ ಉತ್ತರ ಮರುದಿನವೇ ಬಂತು: ‘ಗಮನಿಸಲಾಗಿದೆ. ಸದರಿ ತುಂಡುಗಳು ಬೀಳುವ ಜಾಗವನ್ನು ಅಳತೆಗಾರರೇ ಸ್ಥಳದಲ್ಲಿ ಗೊತ್ತುಪಡಿಸಿ, ತಮ್ಮ ಸಹಿ ಹಾಕತಕ್ಕದ್ದು.’

ಇಷ್ಟು ವರ್ಷದಲ್ಲಿ ಕಚೇರಿ ಅವನಿಗೆ ಯಾವುದನ್ನಾದರೂ ಗೊತ್ತುಪಡಿಸಲು ಬಿಟ್ಟದ್ದು ಅದೇ ಮೊದಲು. ಬೇರೆ ಯಾರೂ ಅದಕ್ಕೆ ಸಹಿ ಹಾಕಲು ಒಪ್ಪಿರಲಿಲ್ಲ.

ಮಧ್ಯಾಹ್ನಕ್ಕೆ ಗುತ್ತಿಗೆದಾರರು ಹುಡುಕಿಕೊಂಡು ಬಂದರು. ಅಳತೆಗಾರ ಬೆಂಚಿನ ಮೇಲೆ ಕೂತು ಟೇಪು ಒರೆಸುತ್ತಿದ್ದ. ಪಕ್ಕದಲ್ಲೇ ಕೂತು ಅವನ ತೊಡೆ ತಟ್ಟಿದರು.

“ಏನಣ್ಣ, ಒಂದೇ ಸಲಕ್ಕೆ ದೊಡ್ಡ ಮನುಷ್ಯ ಆಗ್ಬಿಟ್ಟೆ!”

“ಹೂಂ.”

“ಎಲ್ಲಿ ಹಾಕ್ಬೇಕು ಅಂತಿದ್ದೀಯ?”

“ನೋಡ್ಬೇಕು.”

“ನೋಡೋದೇನು. ದೊಡ್ಡ ಬೀದಿ ಮೂಲೆಗೆ ಹಾಕು. ನಮ್ಮ ಲಾರಿ ತಿರುಗೋ ಜಾಗ ಅದು. ಅಲ್ಲೇ ಹೂತುಹೋಗುತ್ತೆ ಪ್ರತಿ ಸಲ. ಗಟ್ಟಿಯಾದ್ರೆ ದಿನಕ್ಕೆ ಎರಡು ಲೋಡು ಜಾಸ್ತಿ ಸುರೀಬಹುದು. ಜನಕ್ಕೇ ಒಳ್ಳೇದು. ನಿನ್ನ ಮನೆ ಅಂಗಳಕ್ಕೂ ಒಂದು ಲೋಡು ಕಳಿಸ್ತೀನಿ, ಬೇಡ ಅನ್ಬೇಡ.”

“ನನ್ನ ಅಂಗಳ ಗಟ್ಟಿಯಾಗೇ ಇದೆ,” ಎಂದ ಅಳತೆಗಾರ.

ಮಾರನೇ ಬೆಳಿಗ್ಗೆ ಕೆಲಸ ಶುರು. ಲಾರಿ ತುಂಡುಗಳನ್ನು ಹೇರಿಕೊಂಡು ದೊಡ್ಡ ಬೀದಿ ಮೂಲೆಯಲ್ಲಿ ನಿಂತಿತ್ತು. ಅಳತೆಗಾರ ಅದನ್ನು ದಾಟಿ ನಡೆದ. ಇನ್ನೂರ ನಲವತ್ತು ಮೀಟರ್ ನಡೆದು, ಅಕ್ಕನ ಹೊಸ್ತಿಲಿಗೆ ಟೇಪಿನ ಸೊನ್ನೆ ಹಿಡಿದ. ಕಿರಿಯ ಎಂಜಿನಿಯರರು ಏದುಸಿರು ಬಿಡುತ್ತ ಹಿಂದೆ ಬಂದರು.

“ಇಲ್ಲಾ?”

“ಇಲ್ಲೇ.”

“ಇದು ನಿಮ್ಮಕ್ಕನ ಮನೆ ಅಲ್ವೇನ್ರೀ?”

“ಹೌದು.”

ಕಿರಿಯ ಎಂಜಿನಿಯರರು ಅವನ ಮುಖ ನೋಡಿದರು. ಇಪ್ಪತ್ತಾರು ವರ್ಷ ಕಿರಿಯರಾಗಿದ್ದವರಿಗೆ ಕೆಲವು ವಿಷಯ ಬಿಡಿಸಿ ಹೇಳಬೇಕಾಗಿಲ್ಲ.

“ಏನಂತ ಬರೀಲಿ?”

“ರಸ್ತೆಯ ತುದಿ ಅಂತ ಬರೀರಿ.”

ಹಾಗೆಯೇ ಬರೆದರು.

ಮೊದಲ ತುಂಡು ಹಾಸಿದರು. ಅದರ ಮೇಲೆ ಎರಡನೆಯದು. ಪೂರ್ಣ ಮೇಲ್ಹೊದಿಕೆ ಬಂದಿದೆಯೇ ಎಂದು ನಾಲ್ಕು ಮೂಲೆಗೂ ಅಳತೆ ಹಿಡಿದು ನೋಡಿ, ಟಿಕ್ ಹಾಕಿ, ಮೂರನೆಯದು. ಆಳುಗಳು ಮೊದಲ ಹತ್ತಕ್ಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಪ್ಪತ್ತಾದ ಮೇಲೆ ನೋಡುವುದನ್ನು ಬಿಟ್ಟರು. ಮೂವತ್ತರ ಹೊತ್ತಿಗೆ ಬಹಳ ನಾಜೂಕಾಗಿ ಹಾಸತೊಡಗಿದರು. ಎಪ್ಪತ್ತೈದೂ ಆದಾಗ ಒಂದು ಗೇಣು ಎತ್ತರದ ಹಾಸಿಗೆಯಾಗಿತ್ತು. ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ರೋಲರ್. ರೋಲರ್ ನಾಲ್ಕು ಮೀಟರ್ ಮುಂದೆ, ನಾಲ್ಕು ಮೀಟರ್ ಹಿಂದೆ ಓಡಿತು. ಕೊನೆಗೆ ರಸ್ತೆ ಅಕ್ಕನ ಹೊಸ್ತಿಲಿಗೆ ಸರಿಸಮವಾಗಿ ಬಂದು ನಿಂತಿತು.

ಅಕ್ಕ ಕಿಟಕಿಯಿಂದ ಎಲ್ಲ ನೋಡಿದ್ದಳು. ಆಳುಗಳು ಹೋದ ಮೇಲೆ ತಮ್ಮನನ್ನು ಕರೆದಳು.

“ಏನೋ ಇದು?”

“ರಸ್ತೆ.”

“ಇಡೀ ಬೀದಿಯ ಅಸ್ತರು ತಂದು ನನ್ನ ಬಾಗಿಲಿಗೆ ಸುರ್ದಿದ್ದೀಯಲ್ಲೋ! ಜನ ಏನಂತಾರೆ? ನಿನ್ನ ಕೆಲಸಕ್ಕೆ ಕುತ್ತು ಬಂದ್ರೆ?”

“ಎಲ್ಲಾದ್ರೂ ಒಂದು ಕಡೆ ಸುರೀಲೇಬೇಕಿತ್ತು ಅಕ್ಕ.”

“ನಾನು ಕೇಳಿದ್ದು ದೊಡ್ಡ ಬೀದಿಗೆ ದಾರಿ.”

“ಗೊತ್ತು.”

ಅಕ್ಕ ಬೈಯಲಿಲ್ಲ, ಮೆಷಿನ್ ಕಡೆಗೆ ತಿರುಗಿದಳು. ಅದೇ ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಮಳೆ ಹಿಡಿಯಿತು. ಮೂರನೇ ವಾರಕ್ಕೆ ಇನ್ನೂರ ಮೂವತ್ತಾರು ಮೀಟರ್ ಎಂದಿನಂತೆ ಕೆಸರಾಯಿತು. ಆ ಬೇಸಗೆಯಲ್ಲಿ ಸುರಿದಿದ್ದ ಐವತ್ತೆಂಟು ಲಾರಿ ಜಲ್ಲಿ ಎಂದಿನ ಜಾಗಕ್ಕೆ ಹೋಯಿತು. ಅಕ್ಕನ ಬಾಗಿಲ ಮುಂದಿನ ನಾಲ್ಕು ಮೀಟರ್ ಮಾತ್ರ ಬಂಡೆಯ ಹಾಗೆ ನಿಂತಿತ್ತು. ನೀರು ಮೇಲೆ ಬಿದ್ದು, ಒಳಗೆ ಇಳಿದು, ಪಕ್ಕಕ್ಕೆ ಹರಿದು ಹೋಗುತ್ತಿತ್ತು. ಒಂದು ಕಲ್ಲು ಅಲುಗಲಿಲ್ಲ.

ಮುಖ್ಯ ಎಂಜಿನಿಯರರು ತಪಾಸಣೆಗೆ ಬಂದರು. ದೊಡ್ಡ ಬೀದಿಯಿಂದ ಅವರನ್ನು ಟ್ರಾಕ್ಟರಿನ ಟ್ರೇಲರಿನಲ್ಲಿ ಕೂರಿಸಿ ತಂದರು. ಟ್ರಾಕ್ಟರು ಎರಡು ಕಡೆ ಹೂತಿತು, ಎರಡು ಕಡೆಯೂ ಜನ ತಳ್ಳಿದರು. ಆ ನಾಲ್ಕು ಮೀಟರಿನ ಮೇಲೆ ಇಳಿದ ಅವರು ಮೊದಲು ಕಾಲಿನಿಂದ ಒತ್ತಿದರು. ಆಮೇಲೆ ಒಮ್ಮೆ ಹಾರಿದರು. ಅವರ ತೂಕ ಕಡಿಮೆಯೇನಲ್ಲ. ಏನೂ ಆಗಲಿಲ್ಲ. ಇನ್ನೊಮ್ಮೆ ಹಾರಿದರು. ಮುಖದಲ್ಲಿ ಸಂತೋಷ ಮೂಡಿತು. ಗುತ್ತಿಗೆದಾರರೂ ಹಾರಿ ತೋರಿಸಿದರು.

“ನೂರಕ್ಕೆ ನೂರು ಯಶಸ್ವಿ,” ಎಂದರು ಮುಖ್ಯ ಎಂಜಿನಿಯರರು. “ಮೇಲ್ಹೊದಿಕೆ ಪೂರ್ತಿ ಇದ್ದಲ್ಲಿ ರಸ್ತೆ ಪೂರ್ತಿ ಭದ್ರ. ಬರ್ಕೊಳ್ಳಿ.”

“ಸಾರ್, ಮಿಕ್ಕ ಇನ್ನೂರ ಮೂವತ್ತಾರು ಮೀಟರ್?” ಎಂದರು ಕಿರಿಯ ಎಂಜಿನಿಯರರು.

ಮುಖ್ಯ ಎಂಜಿನಿಯರರು ಕೆಸರನ್ನು ನೋಡಿದರು.

“ರಸ್ತೆ ಅಂದ್ರೆ ಏನ್ರೀ? ಓಡಾಡೋಕೆ ಬರೋದು. ಅದರಲ್ಲಿ ಓಡಾಡೋಕೆ ಬರುತ್ತಾ?”

“ಇಲ್ಲ ಸಾರ್.”

“ಮತ್ತೆ ಇಷ್ಟು ವರ್ಷ ಅದನ್ನ ರಸ್ತೆ ಅಂತ ಬರ್ಕೊಂಡು ಬಂದಿದ್ದೀರಲ್ಲ, ಯಾರು ಹೇಳಿದ್ರು?”

ತಪ್ಪು ಸರಿಯಾಯಿತು. ರಸ್ತೆಗಳ ಪುಸ್ತಕದಲ್ಲಿ ಹಿಂಬದಿ ರಸ್ತೆಯ ಉದ್ದ ಇನ್ನೂರ ನಲವತ್ತು ಎಂದಿದ್ದುದನ್ನು ಹೊಡೆದು, ನಾಲ್ಕು ಎಂದು ತಿದ್ದಿ, ಮುದ್ರೆ ಹಾಕಿದರು. ಉಳಿದ ಭಾಗವನ್ನು ‘ನೆಲದಡಿಯ ಜಲ್ಲಿ ಉಗ್ರಾಣ’ ಎಂದು ಘೋಷಿಸಲಾಯಿತು. ಅದರಲ್ಲಿ ಈಗಾಗಲೇ ಆರುನೂರ ಎಪ್ಪತ್ತು ಲಾರಿ ಜಲ್ಲಿ ಭದ್ರವಾಗಿ ಶೇಖರವಾಗಿದ್ದು, ಈವರೆಗೆ ಒಂದು ಕಲ್ಲೂ ಕಳುವಾಗಿರುವುದಿಲ್ಲ. ಉಗ್ರಾಣಿಗೆ ಹೆಚ್ಚುವರಿ ಹೊಣೆ ಕೊಟ್ಟರು. ಪ್ರತಿ ವರ್ಷ ದಾಸ್ತಾನು ತುಂಬುವ ಕೆಲಸವನ್ನು ಅನುಭವದ ದೃಷ್ಟಿಯಿಂದ ಅದೇ ಗುತ್ತಿಗೆದಾರರಿಗೆ ವಹಿಸಿದರು. ಅವರಿಗೆ ಊಟ ಚೆನ್ನಾಗಿ ಸೇರತೊಡಗಿತು.

ಅಳತೆಗಾರನಿಗೆ ಪ್ರಶಂಸಾಪತ್ರ ಬಂತು. ಅಕ್ಕನ ವಿಷಯ ಯಾರೂ ಎತ್ತಲಿಲ್ಲ. ರಸ್ತೆಯ ಉದ್ದವೇ ನಾಲ್ಕು ಮೀಟರ್ ಆದ ಮೇಲೆ, ಅದು ಯಾರದಾದರೂ ಬಾಗಿಲಲ್ಲಿ ಇರಲೇಬೇಕಲ್ಲ.

ಯಶಸ್ಸಿನ ಸುದ್ದಿ ಹರಡಿತು. ಜನ ಕೆಸರಿನಲ್ಲಿ ಇಳಿದು, ಮೊಣಕಾಲು ಮಟ್ಟ ಮುಳುಗಿ, ರಸ್ತೆಯ ಮೇಲೆ ನಡೆಯಲು ಬರತೊಡಗಿದರು. ನಾಲ್ಕು ಮೀಟರ್ ನಡೆದು, ತಲೆದೂಗಿ, ಮತ್ತೆ ಕೆಸರಿಗಿಳಿದು ಹೋಗುವರು. “ಇಂಥ ರಸ್ತೆ ಎಲ್ಲೂ ಇಲ್ಲ ಕಣ್ರೀ” ಎನ್ನುವರು. ನೂಕುನುಗ್ಗಲಾಗಿ ಒಬ್ಬರು ಬಿದ್ದ ಮೇಲೆ ಕಚೇರಿ ಎಚ್ಚೆತ್ತು ಫಲಕ ನೆಟ್ಟಿತು:

‘ಸಾರ್ವಜನಿಕರ ಗಮನಕ್ಕೆ. ಹಿಂಬದಿ ರಸ್ತೆ, ಉದ್ದ ನಾಲ್ಕು ಮೀಟರ್. ಏಕಮುಖ ಸಂಚಾರ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮನೆಯ ಕಡೆಯಿಂದ ಹೊರಕ್ಕೆ. ನಾಲ್ಕರ ನಂತರ ಹೊರಗಿನಿಂದ ಮನೆಯ ಕಡೆಗೆ. ಗರಿಷ್ಠ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್. ಮುಂದಿನ ವಾಹನವನ್ನು ಹಿಂದಿಕ್ಕುವುದನ್ನು ನಿಷೇಧಿಸಿದೆ.’

ಸೀಟಿ ಸಮೇತ ಒಬ್ಬ ಕಾವಲುಗಾರನೂ ಬಂದ.

ಫಲಕ ನೆಟ್ಟ ಮಾರನೇ ದಿನ ಅಕ್ಕ ಗಾಡಿಯನ್ನು ಮೂಲೆಯಿಂದ ಈಚೆಗೆ ಎಳೆಸಿದಳು. ಗಾಲಿಗೆ ಎಣ್ಣೆ ಬಿಟ್ಟಳು. ಒಳ್ಳೆಯ ಕೋಟು ಹಾಕಿಕೊಂಡಳು. ಒಂಬತ್ತು ಹೊಡೆಯುತ್ತಲೇ ಹೊಸ್ತಿಲು ದಾಟಿ ರಸ್ತೆಗೆ ಬಂದಳು. ಮಳೆಗಾಲದಲ್ಲಿ ಅವಳು ಹೊರಬಂದದ್ದು ಆರು ವರ್ಷದಲ್ಲಿ ಅದೇ ಮೊದಲು. ರಸ್ತೆಯ ಆ ತುದಿಯವರೆಗೂ ಹೋದಳು. ಗಾಡಿ ನಿಲ್ಲಿಸಿ, ಮುಖ ಮೇಲೆತ್ತಿ, ಆಕಾಶ ನೋಡಿದಳು. ಕೆಸರಿನಾಚೆಯಿಂದ ಯಾರೋ ಕೂಗಿ ಕ್ಷೇಮ ಕೇಳಿದರು. ಕೂಗಿಯೇ ಹೇಳಿದಳು.

ಹತ್ತು ನಿಮಿಷ ಬಿಟ್ಟು ಗಾಡಿ ತಿರುಗಿಸಿದಳು. ಸೀಟಿ ಕೂಗಿತು.

“ಈಗ ಹೊರಕ್ಕೆ ಮಾತ್ರ, ತಾಯಿ,” ಎಂದ ಕಾವಲುಗಾರ. “ಒಳಕ್ಕೆ ನಾಲ್ಕು ಗಂಟೆಗೆ.”

ಅಕ್ಕ ಅವನನ್ನು ನೋಡಿದಳು. ಫಲಕವನ್ನು ನೋಡಿದಳು. ಮುಂದೆ ಕೆಸರು. ಹಿಂದೆ ತನ್ನ ಬಾಗಿಲು. ಬಾಗಿಲಿಗೆ ನಾಲ್ಕು ಮೀಟರ್.

ಆಮೇಲೆ ಅದು ರೂಢಿಯಾಯಿತು. ಅವಳು ಬೆಳಿಗ್ಗೆ ಹೊರಡುವಾಗಲೇ ಬುತ್ತಿ, ನೀರು, ಕೈಹೊಲಿಗೆಯ ಕೆಲಸ ಕಟ್ಟಿಕೊಂಡು ಬರುವಳು. ಮೆಷಿನ್ ಮಾರುವ ಮಾತು ಮತ್ತೆ ಎತ್ತಲಿಲ್ಲ. ಗಿರಾಕಿಗಳು ಹೊರಗಿನಿಂದ ಒಳಬರುವವರಾದ್ದರಿಂದ ಅವರಿಗೂ ನಾಲ್ಕರ ನಂತರವೇ. ಅವರು ರಸ್ತೆಯ ಅಂಚಿನಲ್ಲಿ ಕೆಸರಲ್ಲಿ ಸಾಲಾಗಿ ನಿಲ್ಲುವರು. ನಿಂತಲ್ಲಿಂದಲೇ ಸುತ್ತಳತೆ ಕೂಗುವರು. ಅಕ್ಕ ಬರೆದುಕೊಳ್ಳುವಳು.

ಒಂದು ಮಧ್ಯಾಹ್ನ ಮಳೆ ಜೋರಾಗಿತ್ತು. ಅಳತೆಗಾರ ರಜೆ ಹಾಕಿ, ಬೆಳಿಗ್ಗೆ ಅಕ್ಕನ ಜತೆಗೇ ಹೊರಬಂದು, ಅವಳ ಗಾಡಿಯ ಪಕ್ಕ ಕೊಡೆ ಹಿಡಿದು ನಿಂತಿದ್ದ. ಅವನ ಬೆನ್ನು ಪೂರ್ತಿ ನೆನೆದಿತ್ತು.

“ನೀನ್ಯಾಕೋ ನೆನೀತೀಯ?” ಎಂದಳು ಅಕ್ಕ. “ನೀನು ಕೆಸರಲ್ಲಿ ಇಳಿದಾದ್ರೂ ಹೋಗ್ಬಹುದು.”

“ಇರ್ಲಿ.”

“ಗಾಳಿ ಚೆನ್ನಾಗಿದೆ ಅಲ್ವಾ?”

“ಹೂಂ.”

ಸಾಲಿನಲ್ಲಿ ಮುಂದೆ ನಿಂತಿದ್ದ ಮುದುಕನ ತಾಳ್ಮೆ ತಪ್ಪಿತು. “ಏನಯ್ಯಾ ಕಾವಲುಗಾರ, ಎಷ್ಟು ಹೊತ್ತು? ನಿನ್ನ ಗಡಿಯಾರ ಹಿಂದಿದೆ. ನನ್ನದರಲ್ಲಿ ಆಗಲೇ ನಾಲ್ಕಾಯ್ತು!”

ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಗಡಿಯಾರ ನೋಡಿಕೊಂಡರು. ಕಾವಲುಗಾರ ತನ್ನದನ್ನು ಒರೆಸಿ, ಕಣ್ಣ ಹತ್ತಿರ ಹಿಡಿದ.

“ಇನ್ನೂ ಎರಡು ನಿಮಿಷ ಇದೆ.”

“ಎರಡು ನಿಮಿಷ ಅಂದ್ರೆ ಎರಡು ನಿಮಿಷ,” ಎಂದಳು ಅಕ್ಕ, ಸೂಜಿಗೆ ನೂಲು ಏರಿಸುತ್ತ. “ಸ್ವಲ್ಪ ತಾಳ್ಕೊಳ್ಳಿ ಅಜ್ಜ. ರಸ್ತೆ ಅಂದ್ಮೇಲೆ ನಿಯಮ ಬೇಡ್ವಾ?”

ಮುದುಕ ತಲೆಯಾಡಿಸಿ, ಕೆಸರಲ್ಲಿ ಹೂತಿದ್ದ ಕಾಲು ಬದಲಿಸಿಕೊಂಡು ನಿಂತ.